ಶ್ರೀ ವಿದ್ಯಾರಣ್ಯರು: ತೊಂಬತ್ತು ವರ್ಷದ ತುಂಬು ಬಾಳು



ಮಾತಂಗ ಪರ್ವತದ ತುದಿಯಲ್ಲಿ ಶ್ರೀ ವೀರಭದ್ರ ಸ್ವಾಮಿಯ ದರ್ಶನ ಮಾಡಿಕೊಂಡು ಬಂಡೆಯ ಮೇಲೆ ನಿಂತು ಕೆಳಗೆ ನೋಡಿದರೆ ಹರಿಯುವ ತುಂಗಭದ್ರೆ, ಬೆಟ್ಟದ ಬುಡದಲ್ಲಿ ಅಚ್ಯುತರಾಯ ದೇವಸ್ಥಾನ, ಆಚೆಗೆ ಹೇಮಕೂಟ, ಅದರ ಪಕ್ಕದಲ್ಲಿ ಶ್ರೀ ವಿರೂಪಾಕ್ಷ ಸ್ವಾಮಿಯ ಗೋಪುರ ಕಾಣುತ್ತವೆ. ಈ ಬೆಟ್ಟದ ಗವಿಯಲ್ಲಿ ಶ್ರೀ ವಿದ್ಯಾರಣ್ಯ ಮಹಾಸ್ವಾಮಿಗಳು ತಪಸ್ಸು ಮಾಡಿದರು ಅಂತ ಹಿಂದಿನಿಂದಲೂ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ವಿಜಯನಗರದ ಗುರುಗಳೆಂದು ಅವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಅವರು ಸುಮಾರು 90 ವರ್ಷ ಬಾಳಿದರು, ಕೊನೆಯವರೆಗೂ ಕೆಲಸದಲ್ಲೇ ಇದ್ದರು ಎಂಬುದು ಅನೇಕರಿಗೆ ತಿಳಿದಿಲ್ಲ. ಯಾತ್ರೆಗೆ ಬಂದವರು ಈ ಸಂಗತಿಯನ್ನು ತಿಳಿದುಕೊಂಡು ಹೋಗುವುದು ಒಳ್ಳೆಯದು.

ತಮ್ಮನೇ ಹಿರಿಯನಾದ ಸಂಗತಿ

ಸಂಪ್ರದಾಯದ ಲೆಕ್ಕದ ಪ್ರಕಾರ ವಿದ್ಯಾರಣ್ಯರು ಹುಟ್ಟಿದ್ದು ಕ್ರಿ.ಶ. 1296ರ ಸುಮಾರಿನಲ್ಲಿ. ಶೃಂಗೇರಿ ಮಠದ ಪರಂಪರೆಯಲ್ಲಿ ಒಂದು ಕಥೆ ಇದೆ. ಓರುಗಲ್ಲಿನ, ಅಂದರೆ ಏಕಶಿಲಾನಗರದ ಒಂದು ಮನೆಯಲ್ಲಿ ಅಣ್ಣತಮ್ಮಂದಿರಿಬ್ಬರು ಇದ್ದರು. ತಮ್ಮನಿಗೆ ಚಿಕ್ಕ ವಯಸ್ಸಿನಲ್ಲೇ ವೈರಾಗ್ಯ ಬಂತು. ಮನೆ ಬಿಟ್ಟು ಶೃಂಗೇರಿಗೆ ಹೋಗಿ ಶ್ರೀ ವಿದ್ಯಾತೀರ್ಥರಲ್ಲಿ ಸಂನ್ಯಾಸ ತೆಗೆದುಕೊಂಡು ಭಾರತೀತೀರ್ಥರಾದರು. ಅದು 1328ನೇ ಇಸವಿ. ತಮ್ಮನನ್ನು ಹುಡುಕಿಕೊಂಡು ಬಂದ ಅಣ್ಣನೂ ಮನೆಗೆ ತಿರುಗಿ ಹೋಗಲಿಲ್ಲ. 1331ರಲ್ಲಿ ಅದೇ ಗುರುಗಳ ಕೈಯಲ್ಲಿ ಕಾವಿ ಉಟ್ಟು ವಿದ್ಯಾರಣ್ಯರಾದರು. ಆಗ ಅವರಿಗೆ 35ರ ಆಸುಪಾಸಿನ ವಯಸ್ಸು.

ಇಲ್ಲಿ ಒಂದು ಸೂಕ್ಷ್ಮವಿದೆ. ಸಂನ್ಯಾಸಿಗಳಲ್ಲಿ ಹುಟ್ಟಿದ ವರ್ಷದಿಂದ ಹಿರಿತನ ಬರುವುದಿಲ್ಲ, ದೀಕ್ಷೆ ತೆಗೆದುಕೊಂಡ ದಿನದಿಂದ ಬರುತ್ತದೆ. ಹೀಗಾಗಿ ಹುಟ್ಟಿನಲ್ಲಿ ತಮ್ಮನಾದವರು ಆಶ್ರಮದಲ್ಲಿ ಹಿರಿಯರಾದರು, ಅಣ್ಣ ಕಿರಿಯರಾದರು. 1333ರಲ್ಲಿ ಭಾರತೀತೀರ್ಥರು ಪೀಠಕ್ಕೆ ಬಂದು 1380ರವರೆಗೆ 47 ವರ್ಷ ಪೀಠದಲ್ಲಿದ್ದರು. ಅಷ್ಟೂ ವರ್ಷ ವಿದ್ಯಾರಣ್ಯರು ತಾವು ಅಣ್ಣ ಎಂಬ ಮಾತನ್ನು ಮುಂದೆ ಮಾಡಲಿಲ್ಲ. ಮನೆಯಲ್ಲಿ ಹಿರಿತನಕ್ಕಾಗಿ, ಪಾಲಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟು ಕೂರುವ ನಮಗೆ ಇದು ದೊಡ್ಡ ಪಾಠ.

ಹಾಳಾದ ನಾಡಿನಲ್ಲಿ ಹೊಸ ಊರು

ಆ ಕಾಲ ನಮ್ಮ ಸೀಮೆಗೆ ಬಹಳ ಕಷ್ಟದ ಕಾಲ. ಇಲ್ಲಿಗೆ ಹತ್ತಿರದ ಕಂಪ್ಲಿಯ ಹೆಸರಿನ ರಾಜ್ಯ 1327ರಲ್ಲಿ ದೆಹಲಿ ಸುಲ್ತಾನರ ಸೈನ್ಯಕ್ಕೆ ಸೋತು ಬಿದ್ದಿತ್ತು. ಕಂಪಿಲರಾಯ, ಕುಮಾರರಾಮರ ಕಥೆಯನ್ನು ಈ ಕಡೆಯ ಜನ ಈಗಲೂ ಹೇಳುತ್ತಾರೆ. ಇಂಥ ಹೊತ್ತಿನಲ್ಲಿ ಹರಿಹರ, ಬುಕ್ಕರು ಪಂಪಾಕ್ಷೇತ್ರಕ್ಕೆ ಬಂದು ಗುರುಗಳ ಪಾದ ಹಿಡಿದರು. ಬೇಟೆನಾಯಿಗಳನ್ನು ಮೊಲವೊಂದು ತಿರುಗಿ ಅಟ್ಟಿಸಿಕೊಂಡು ಹೋದದ್ದನ್ನು ಹೇಳಿದಾಗ, ಅದು ಗಂಡು ನೆಲ, ಊರು ಕಟ್ಟಲು ತಕ್ಕದ್ದು ಎಂದು ಗುರುಗಳು ಅಪ್ಪಣೆ ಕೊಟ್ಟರಂತೆ. 1336ರಲ್ಲಿ ವಿಜಯನಗರ ನಿಂತಿತು ಎಂಬುದು ರೂಢಿಯ ಲೆಕ್ಕ. ಇದರಲ್ಲಿ ಎಷ್ಟು ಇತಿಹಾಸ, ಎಷ್ಟು ಐತಿಹ್ಯ ಎಂಬ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಜನರ ನಂಬಿಕೆ ಮಾತ್ರ ಗಟ್ಟಿಯಾಗಿದೆ.

ಹೊನ್ನಿನ ಮಳೆಯ ಕಥೆಯೂ ಹೀಗೆಯೇ ಬಂದದ್ದು. ಪೂರ್ವಾಶ್ರಮದಲ್ಲಿ ಬಡತನ ತಾಳಲಾರದೆ ಅವರು ದೇವಿಯನ್ನು ಕುರಿತು ತಪಸ್ಸು ಮಾಡಿದರಂತೆ. ಈ ಜನ್ಮದಲ್ಲಿ ಧನಯೋಗವಿಲ್ಲ ಎಂದು ದೇವಿ ತಿಳಿಸಿದಳು. ಸಂನ್ಯಾಸವೆಂದರೆ ಎರಡನೇ ಜನ್ಮ. ಸಂನ್ಯಾಸಿಯಾದ ಮೇಲೆ ದೇವಿ ಒಲಿದು ಹೊನ್ನಿನ ಮಳೆ ಸುರಿಸಿದಳು, ಆದರೆ ಆಗ ಅವರಿಗೆ ಅದರಿಂದ ಏನೂ ಬೇಕಾಗಿರಲಿಲ್ಲ. ಬಂದದ್ದನ್ನೆಲ್ಲ ನಾಡು ಕಟ್ಟುವುದಕ್ಕೆ ಕೊಟ್ಟರು.

1346ರಲ್ಲಿ ಹರಿಹರರಾಯನು ತನ್ನ ಸೋದರರ ಜೊತೆಗೂಡಿ ಶೃಂಗೇರಿಗೆ ಹೋಗಿ ದತ್ತಿ ಕೊಟ್ಟದ್ದು ಶಾಸನದಲ್ಲಿದೆ. ಆ ದತ್ತಿ ಸಂದದ್ದು ಪೀಠದಲ್ಲಿದ್ದ ಭಾರತೀತೀರ್ಥರಿಗೆ. ರಾಜರ ಗುರುವೆಂದು ಹೆಸರಾದ ವಿದ್ಯಾರಣ್ಯರು ಆಗ 50ರ ವಯಸ್ಸಿನವರು, ಪೀಠವಿಲ್ಲದ ಸಾದಾ ಯತಿ.

ಕಾಶಿಯಿಂದ ಕರೆ

ಮುಂದೆ ಅವರು ಕಾಶಿಗೆ ಹೋದರು. ರೈಲಿಲ್ಲ, ಬಸ್ಸಿಲ್ಲ, ಸಾವಿರ ಕಿಲೋಮೀಟರಿಗೂ ಮೀರಿದ ದಾರಿ. ಅಲ್ಲಿದ್ದಾಗ ಬುಕ್ಕರಾಯನಿಗೆ ಅವರ ಅವಶ್ಯಕತೆ ಬಿತ್ತು. ರಾಜನಾದವನು ಆಜ್ಞೆ ಮಾಡಬಹುದಿತ್ತು. ಆದರೆ ಬುಕ್ಕರಾಯ ತನ್ನ ವಿನಂತಿ ಪತ್ರದ ಜೊತೆಗೆ ಹಿರಿಯ ಗುರುಗಳಾದ ವಿದ್ಯಾತೀರ್ಥರ ಶ್ರೀಮುಖವನ್ನೂ ಪಡೆದು ಕಳಿಸಿದ ಎಂದು ಮಠದ ಪರಂಪರೆ ಹೇಳುತ್ತದೆ. ಗುರುಗಳ ಮಾತು ಬಂದ ಮೇಲೆ ವಿದ್ಯಾರಣ್ಯರು ತಡಮಾಡದೆ ಹೊರಟು ಬಂದರು. ಹಿರಿಯರನ್ನು ಕೇಳಬೇಕಾದ ರೀತಿ ಬುಕ್ಕರಾಯನಿಗೆ ಗೊತ್ತಿತ್ತು. ತಮಗಿಂತ ಹಿರಿಯರ ಮಾತನ್ನು ನಡೆಸುವುದು ವಿದ್ಯಾರಣ್ಯರಿಗೆ ಗೊತ್ತಿತ್ತು.

ಸಾಯಣಾಚಾರ್ಯರು ವೇದಗಳಿಗೆ ಭಾಷ್ಯ ಬರೆದದ್ದು ಈ ಅರಸರ ಆಶ್ರಯದಲ್ಲಿ. ಅದರ ಹಿಂದೆ ವಿದ್ಯಾರಣ್ಯರ ಪ್ರೇರಣೆ ಇತ್ತು ಎನ್ನುತ್ತಾರೆ. ಸಾಯಣರ ಅಣ್ಣ ಮಾಧವಾಚಾರ್ಯರೇ ವಿದ್ಯಾರಣ್ಯರು ಅಂತ ಕೆಲವರು, ಅಲ್ಲ ಅಂತ ಕೆಲವರು ಹೇಳುತ್ತಾರೆ.

ಎಂಬತ್ತನಾಲ್ಕರಲ್ಲಿ ಪೀಠ

1380ರಲ್ಲಿ ಭಾರತೀತೀರ್ಥರು ಮುಕ್ತರಾದರು. ಮಠದ ಹೊಣೆ ವಿದ್ಯಾರಣ್ಯರ ಮೇಲೆ ಬಂತು. ಆಗ ಅವರಿಗೆ ಸುಮಾರು 84 ವರ್ಷ. 60ಕ್ಕೆ ಷಷ್ಟ್ಯಬ್ದಿ, 70ಕ್ಕೆ ಭೀಮರಥ ಶಾಂತಿ, 80 ದಾಟಿದರೆ ಸಹಸ್ರಚಂದ್ರ ದರ್ಶನ ಅಂತ ನಮ್ಮಲ್ಲಿ ಹಿರಿಯರಿಗೆ ಮಾಡುತ್ತೇವೆ. ಅದೂ ಮುಗಿದ ಮೇಲಿನ ವಯಸ್ಸು ಅದು. ಈಗಿನ ಕಾಲದಲ್ಲಾದರೆ ಮನೆಯಲ್ಲಿ ಒಂದು ಮೂಲೆಯ ಮಂಚ ತೋರಿಸಿ, ಸುಮ್ಮನೆ ಕೂತಿರಿ ಅನ್ನುವ ವಯಸ್ಸು. ಅವರು ಸುಮ್ಮನೆ ಕೂರಲಿಲ್ಲ. ಶೃಂಗೇರಿಯ 12ನೇ ಪೀಠಾಧಿಪತಿಗಳಾಗಿ ಆರು ವರ್ಷ ಮಠವನ್ನು ನಡೆಸಿದರು. ಜೀವನ್ಮುಕ್ತಿವಿವೇಕ ಎಂಬ ಗ್ರಂಥ ಅವರ ಮುಪ್ಪಿನ ಕಾಲದ್ದೆಂದು ವಿದ್ವಾಂಸರು ಹೇಳುತ್ತಾರೆ. ವೇದಾಂತ ಓದುವವರು ಇಂದಿಗೂ ಬಿಡದ ಪಂಚದಶಿ, ಹದಿನೈದು ಪ್ರಕರಣಗಳ ಗ್ರಂಥ, ಅವರ ಹೆಸರಿನಲ್ಲೇ ಇದೆ. ಅದರಲ್ಲಿ ಭಾರತೀತೀರ್ಥರ ಕೈಯೂ ಇದೆ ಅಂತ ಪರಂಪರೆಯಲ್ಲಿ ಹೇಳುತ್ತಾರೆ. ಅಣ್ಣತಮ್ಮಂದಿರ ಹೆಸರು ಅಲ್ಲೂ ಕೂಡಿಯೇ ಉಳಿಯಿತು.

ಇಷ್ಟು ದೀರ್ಘವಾಗಿ ಬಾಳಿದ್ದು ದೈವಾನುಗ್ರಹ. ಅದರ ಜೊತೆಗೆ ಯತಿಗಳ ದಿನಚರಿಯನ್ನೂ ಗಮನಿಸಬೇಕು. ಬೆಳಗಿನ ಜಾವ ಏಳುವುದು, ನದಿ ಸ್ನಾನ, ಜಪ, ಮಿತವಾದ ಆಹಾರ, ಚಾತುರ್ಮಾಸ್ಯ ಬಿಟ್ಟರೆ ಉಳಿದ ಕಾಲ ಸಂಚಾರ, ಪಾಠ ಹೇಳುವುದು. ಹೊಟ್ಟೆಗೆ ಹಿತಮಿತ, ಕಾಲಿಗೆ ನಡಿಗೆ, ತಲೆಗೆ ಕೆಲಸ, ಮನಸ್ಸಿಗೆ ಹಗೆಯಿಲ್ಲ. ಗೃಹಸ್ಥರೂ ಇದರಲ್ಲಿ ತಮ್ಮ ಕೈಲಾದಷ್ಟು ಪಾಲಿಸಬಹುದು.

ಅರಸನ ಗೌರವ

ಹರಿಹರ, ಬುಕ್ಕ, ಎರಡನೇ ಹರಿಹರ, ಹೀಗೆ ಮೂವರು ಅರಸರ ಕಾಲವನ್ನು ಕಂಡ ಗುರುಗಳು 1386ರಲ್ಲಿ ಬ್ರಹ್ಮೀಭೂತರಾದರು. ಅದು ಹಂಪಿಯಲ್ಲೇ ಅಂತ ಹೇಳಿಕೆ ಇದೆ. ಎರಡನೇ ಹರಿಹರ ಮಹಾರಾಜನು ಅದೇ ವರ್ಷ ಅವರ ನೆನಪಿಗೆ ಶೃಂಗೇರಿಯಲ್ಲಿ ವಿದ್ಯಾರಣ್ಯಪುರ ಎಂಬ ಅಗ್ರಹಾರ ಮಾಡಿ ಭೂಮಿ ಕೊಟ್ಟನು. ಆ ಊರು ಈಗಲೂ ಇದೆ. ಹಂಪಿಯಲ್ಲಿ ವಿರೂಪಾಕ್ಷ ದೇವಾಲಯದ ಹಿಂಭಾಗದಲ್ಲಿ ವಿದ್ಯಾರಣ್ಯರ ಗುಡಿ ಇದೆ, ಭಕ್ತರು ತಪ್ಪದೆ ದರ್ಶನ ಮಾಡಬೇಕು. 1991ರಲ್ಲಿ ಸ್ಥಾಪನೆಯಾದ ಹಂಪಿ ಕನ್ನಡ ವಿಶ್ವವಿದ್ಯಾಲಯದ ಆವರಣಕ್ಕೂ ವಿದ್ಯಾರಣ್ಯ ಎಂದೇ ಹೆಸರು.

ಭಕ್ತರಲ್ಲಿ ವಿನಂತಿ

ಹೊಸಪೇಟೆ, ಕಂಪ್ಲಿ ಕಡೆಯಿಂದ, ಸಂಡೂರಿನ ಶ್ರೀ ಕುಮಾರಸ್ವಾಮಿ ದರ್ಶನ ಮುಗಿಸಿಕೊಂಡು ಬರುವವರಲ್ಲಿ ಅಜ್ಜ ಅಜ್ಜಿಯರನ್ನು ಕರೆತರುವವರು ಬಹಳ ಮಂದಿ. ಬೆಟ್ಟದ ದಾರಿ ಕಡಿದು, ಬಂಡೆಗಲ್ಲು. ಬಿಸಿಲೇರುವ ಮೊದಲೇ ಹತ್ತಬೇಕು. ಹಿರಿಯರಿಗೆ ಒಂದು ಕೋಲು, ಕುಡಿಯಲು ನೀರು, ಜೊತೆಗೆ ಒಬ್ಬರು ಇರಲಿ. ಅವರ ಹೆಜ್ಜೆಗೆ ನಮ್ಮ ಹೆಜ್ಜೆ ಹೊಂದಿಸಿಕೊಳ್ಳಬೇಕು. ಹತ್ತಲು ಆಗದವರನ್ನು ಬಿಸಿಲಲ್ಲಿ ವಾಹನದೊಳಗೆ ಬಿಟ್ಟು ಹೋಗಬೇಡಿರಿ, ಕೆಳಗೆ ನೆರಳಿನಲ್ಲಿ ಕೂಡಿಸಿ, ಒಬ್ಬರು ಅವರ ಹತ್ತಿರ ಉಳಿಯಿರಿ. ಬುಡದಿಂದಲೇ ಕೈ ಮುಗಿದರೂ ಸ್ವಾಮಿಗೆ ಮುಟ್ಟುತ್ತದೆ. ಪ್ರಸಾದವನ್ನು ಇಳಿದು ಬಂದು ಮೊದಲು ಅವರ ಕೈಗೆ ಕೊಡಿರಿ.

ಮನೆಗೆ ಹೋದ ಮೇಲೂ ಏನಾದರೊಂದು ಕೆಲಸಕ್ಕೆ ಮೊದಲು ಹಿರಿಯರನ್ನು ಒಂದು ಮಾತು ಕೇಳಿರಿ. ಬುಕ್ಕರಾಯನಂಥ ಅರಸನೇ ಕೇಳಿದ್ದಾನೆ. ಎಂಬತ್ತು ದಾಟಿದ ಜೀವಕ್ಕೆ ಹಾರ ಶಾಲಿಗಿಂತ, ತನ್ನಿಂದ ಇನ್ನೂ ಉಪಯೋಗವಿದೆ ಎಂಬ ನೆಮ್ಮದಿ ದೊಡ್ಡದು.

ಗುರುಹಿರಿಯರ ಆಶೀರ್ವಾದ, ಶ್ರೀ ವೀರಭದ್ರ ಸ್ವಾಮಿಯ ಕೃಪೆ ಎಲ್ಲರಿಗೂ ಇರಲಿ. ಆಯುರಾರೋಗ್ಯ ಪ್ರಾಪ್ತಿಯಾಗಲಿ.

ಶುಭಂ