ಇಲ್ಲದ ವಸ್ತುವಿನ ಬಗ್ಗೆ ವಾದ ಮಾಡಬಹುದೇ? ವ್ಯಾಸರಾಯರ ಬದುಕು, ತರ್ಕ

ನಮ್ಮ ರಾಷ್ಟ್ರಗೀತೆಗೆ ಯುನೆಸ್ಕೋ ಜಗತ್ತಿನಲ್ಲೇ ಅತ್ಯುತ್ತಮ ಎಂಬ ಪ್ರಶಸ್ತಿ ಕೊಟ್ಟಿದೆ ಎನ್ನುವ ಮೆಸೇಜ್ ನಿಮಗೂ ಬಂದಿರಬಹುದು. ಅಂಥ ಪ್ರಶಸ್ತಿಯೇ ಇಲ್ಲ. ಸರಿ, ಹಾಗೆಂದಾಗ ನಾವು ‘ಇಲ್ಲ’ ಎಂದದ್ದು ಯಾವುದನ್ನು? ಐನೂರು ವರ್ಷಗಳ ಹಿಂದೆ ಇಂಥ ಪ್ರಶ್ನೆಯನ್ನು ಬಿಡದೆ ಹಿಡಿದ ಕನ್ನಡಿಗರು ವ್ಯಾಸರಾಯರು.

ಸುಮಾರು 1460ರಲ್ಲಿ ಮೈಸೂರು ಬಳಿಯ ಬನ್ನೂರಿನಲ್ಲಿ ಹುಟ್ಟಿದರು. ಅಬ್ಬೂರಿನ ಬ್ರಹ್ಮಣ್ಯತೀರ್ಥರಿಂದ ಸನ್ಯಾಸ, ಕಂಚಿಯಲ್ಲಿ ಓದು, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಮತ್ತಷ್ಟು ಕಲಿಕೆ. ಮುಂದೆ ವಿಜಯನಗರದಲ್ಲಿ ಕೃಷ್ಣದೇವರಾಯನ ಗೌರವ ಪಡೆದರು. ಪುರಂದರದಾಸರಿಗೆ ಗುರುವಾದರು. ರಾಜನ ಕುಹಯೋಗ ಕಳೆಯಲು ಸಿಂಹಾಸನದಲ್ಲಿ ಕೂತ ಕಥೆಯೇ ಹೆಚ್ಚು ಜನಪ್ರಿಯ. ನಮಗೆ ಅದಕ್ಕಿಂತ ಅವರ ಪುಸ್ತಕಗಳೇ ಸ್ವಾರಸ್ಯ.

‘ತರ್ಕತಾಂಡವ’ದಲ್ಲಿ ಅವರು ಎದುರು ಹಾಕಿಕೊಂಡದ್ದು ನ್ಯಾಯಶಾಸ್ತ್ರದ ಪಂಡಿತರನ್ನು. ಆ ಪಂಡಿತರದು ಒಂದು ನಿಯಮ: ಯಾವುದರ ಬಗ್ಗೆ ವಾದವೋ ಅದು ಮೊದಲು ಇರಬೇಕು. ಆಕಾಶದ ತಾವರೆಗೆ ಪರಿಮಳವಿದೆ, ಏಕೆಂದರೆ ಅದೂ ತಾವರೆ ಎಂದರೆ ವಾದ ಬಿತ್ತು. ಇದಕ್ಕೆ ಆಶ್ರಯಾಸಿದ್ಧಿ ಎಂದು ಹೆಸರು.

ಗ್ರೀಸಿನ ಅರಿಸ್ಟಾಟಲ್‌ನಿಂದ ಬಂದ ತರ್ಕದಲ್ಲೂ ಇದೇ ತೊಡಕು. ಮಂಗಳೂರು ಧಕ್ಕೆಯ ಮತ್ಸ್ಯಕನ್ಯೆಯರೆಲ್ಲ ತುಳು ಮಾತಾಡುತ್ತಾರೆ ಎನ್ನೋಣ. ಹಾಗಾದರೆ ತುಳು ಬಲ್ಲ ಒಬ್ಬ ಮತ್ಸ್ಯಕನ್ಯೆಯಾದರೂ ಇದ್ದಾಳೆ ಎಂದು ಹಳೆಯ ತರ್ಕ ಒಪ್ಪಿಬಿಡುತ್ತದೆ. ಇಂದಿನ ತರ್ಕ ಒಪ್ಪುವುದಿಲ್ಲ. ‘ಎಲ್ಲ’ ಎಂದ ಮಾತ್ರಕ್ಕೆ ‘ಒಬ್ಬಳಾದರೂ ಇದ್ದಾಳೆ’ ಎಂದಾಗದು. ಫಾರ್ವರ್ಡ್‌ಗಳು ನಮ್ಮನ್ನು ಬೀಳಿಸುವುದು ಇಲ್ಲೇ: ಪ್ರಶಸ್ತಿ ಯಾರಿಗೆ ಬಂತು ಎಂದು ಜಗಳವಾಡುತ್ತಾ, ಪ್ರಶಸ್ತಿ ಇದೆ ಎಂದು ಸದ್ದಿಲ್ಲದೆ ಒಪ್ಪಿಕೊಂಡಿರುತ್ತೇವೆ.

ಹಾಗೆಂದು ಇಲ್ಲದ್ದರ ಬಗ್ಗೆ ಬಾಯಿಯೇ ಬಿಡಬಾರದೇ? ಉಡುಪಿಯ ಮಧ್ವಾಚಾರ್ಯರ ಪರಂಪರೆ ಅಷ್ಟು ಬಿಗಿಯಾಗಿರಲಿಲ್ಲ. ಕಡಲ ದಂಡೆಯ ಚಿಪ್ಪು ಬೆಳ್ಳಿಯಂತೆ ಹೊಳೆದಾಗ ಆ ಬೆಳ್ಳಿ ಎಲ್ಲೂ ಇರಲಿಲ್ಲ, ಆದರೂ ಕಂಡಿತು. ಇಲ್ಲದ್ದನ್ನು ಅರಿಯಲು ಸಾಧ್ಯವೇ ಇಲ್ಲ ಎನ್ನುವವನಿಗೂ, ಹಾಗೆನ್ನಲು ‘ಇಲ್ಲದ್ದು’ ಏನೆಂಬ ಅರಿವು ಬೇಕಲ್ಲ! ಮಧ್ವರ ಈ ವಾದವನ್ನು ವ್ಯಾಸರಾಯರು ‘ನ್ಯಾಯಾಮೃತ’ದಲ್ಲಿ ಅದ್ವೈತಿಗಳ ಎದುರು ಬೆಳೆಸಿದರು. ಇಲ್ಲದ ಪ್ರಶಸ್ತಿಯನ್ನು ನಾವು ಧೈರ್ಯವಾಗಿ ‘ಇಲ್ಲ’ ಎನ್ನುವುದಕ್ಕೆ ಇಷ್ಟು ಆಧಾರ ಸಾಕು.

1539ರಲ್ಲಿ ತೀರಿಕೊಂಡರು. ಬೃಂದಾವನ ಆನೆಗೊಂದಿ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿದೆ. ‘ನ್ಯಾಯಾಮೃತ’ಕ್ಕೆ ಮಧುಸೂದನ ಸರಸ್ವತಿ ‘ಅದ್ವೈತಸಿದ್ಧಿ’ ಬರೆದು ಉತ್ತರ ಕೊಟ್ಟರು. ಅದಕ್ಕೆ ಮಾಧ್ವರ ಕಡೆಯಿಂದ ‘ತರಂಗಿಣಿ’ ಬಂತು, ಅದಕ್ಕೂ ಮತ್ತೊಂದು ಉತ್ತರ ಬಂತು.