ಏಳು ವರ್ಷದ ವಿಚಾರಣೆ, ಎಂಟು ದಿನದ ವಿಚಾರಣೆ

1788ರ ಫೆಬ್ರುವರಿ 13ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಐವತ್ತೈದು ವಯಸ್ಸಿನ, ಗಿಡ್ಡ ದೇಹದ, ಬಡಕಲು ಮೈಯ ವ್ಯಕ್ತಿಯೊಬ್ಬ ಬ್ರಿಟನ್ನಿನ ಪ್ರಭುಗಳ ಸಭೆಯ ಮುಂದೆ ಮಂಡಿಯೂರಿದ. ಗೋಡೆಗಳಿಗೆ ಕೆಂಪು ಬಟ್ಟೆ ಹೊದಿಸಲಾಗಿತ್ತು. ರಾಣಿ ಬಂದಿದ್ದಳು. ರಾಜಕುಮಾರರು, ರಾಯಭಾರಿಗಳು, ನಟಿಯರು, ಲೇಖಕರು ಟಿಕೇಟು ಹಿಡಿದು ಕಿಕ್ಕಿರಿದಿದ್ದರು. ಮಂಡಿಯೂರಿದವನು ಮೂರು ವರ್ಷಗಳ ಹಿಂದಿನವರೆಗೂ ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್.

ಕಾಮನ್ಸ್ ಸಭೆ ಆರೋಪ ಹೊರಿಸಿ ಪ್ರಭುಗಳ ಸಭೆ ತೀರ್ಪು ಕೊಡುವ ಈ ಕ್ರಮವನ್ನು ನಾವು ಮಹಾಭಿಯೋಗ ಎನ್ನುತ್ತೇವೆ. ಪತ್ರಿಕೆಗಳು ಸಾಮಾನ್ಯವಾಗಿ ವಾಗ್ದಂಡನೆ ಎಂದು ಬರೆಯುತ್ತವೆ. ಇದರಲ್ಲಿ ಆಗುವ ಶಿಕ್ಷೆ ಬರಿಯ ಮಾತಿನದಲ್ಲವಾದ್ದರಿಂದ ಆ ಪದ ಸರಿಯಲ್ಲವೆಂಬುದು ನನ್ನ ಬಹುಕಾಲದ ತಕರಾರು. ಆದರೆ ಹೇಸ್ಟಿಂಗ್ಸ್‌ನ ಮಟ್ಟಿಗೆ ಆ ಪದವೇ ಸರಿಯಾಯಿತು ಎಂದು ಒಪ್ಪಬೇಕಾಗುತ್ತದೆ. ಅವನಿಗೆ ಕೊನೆಗೂ ಆದದ್ದು ಮಾತಿನ ದಂಡನೆ ಮಾತ್ರ. ಅದು ಹೇಗಾಯಿತೆಂದು ತಿಳಿಯಲು ಅವನ ಪಾಪಪುಣ್ಯಗಳ ಲೆಕ್ಕ ನೋಡಿದರೆ ಸಾಲದು, ಅವನ ವಕೀಲರು ನ್ಯಾಯಾಲಯದಲ್ಲಿ ಏನು ಮಾಡಿದರೆಂಬುದನ್ನೂ ನೋಡಬೇಕು.

ಹೇಸ್ಟಿಂಗ್ಸ್ ಹುಟ್ಟಿದ್ದು 1732ರ ಡಿಸೆಂಬರ್ 6ರಂದು, ಆಕ್ಸ್‌ಫರ್ಡ್ ಪ್ರಾಂತದ ಚರ್ಚಿಲ್ ಎಂಬ ಹಳ್ಳಿಯಲ್ಲಿ. ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡಳು. ತಂದೆ ಮಕ್ಕಳನ್ನು ಬಿಟ್ಟುಹೋದ. ತಾತನ ಆಸರೆಯಲ್ಲಿ ಬೆಳೆದ ಹುಡುಗನನ್ನು ಚಿಕ್ಕಪ್ಪ ವೆಸ್ಟ್‌ಮಿನ್‌ಸ್ಟರ್ ಶಾಲೆಗೆ ಸೇರಿಸಿದ. ಓದಿನಲ್ಲಿ ಮುಂದಿದ್ದರೂ ಚಿಕ್ಕಪ್ಪ ಸತ್ತ ಮೇಲೆ ಓದು ನಿಂತು, 1750ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತನಾಗಿ ಕಲ್ಕತ್ತೆಯ ಹಡಗು ಹತ್ತಬೇಕಾಯಿತು. ಕಾಸಿಂಬಜಾರಿನಲ್ಲಿ ರೇಷ್ಮೆ ವ್ಯಾಪಾರದ ಲೆಕ್ಕ ಬರೆದ, ಪರ್ಷಿಯನ್ ಕಲಿತ, ಸಿರಾಜುದ್ದೌಲನ ಸೈನಿಕರ ಕೈಗೆ ಸಿಕ್ಕು ಸೆರೆಯನ್ನೂ ಕಂಡ. 1772ರಲ್ಲಿ ಬಂಗಾಳದ ಗವರ್ನರ್ ಆದ. ಎರಡು ವರ್ಷಗಳ ನಂತರ, ಹೊಸ ಕಾಯಿದೆಯಂತೆ, ಮೊದಲ ಗವರ್ನರ್ ಜನರಲ್.

ಆಡಳಿತ ಸೇವೆಯಲ್ಲಿದ್ದವರಿಗೆ ಅವನ ಹೆಸರು ಇನ್ನೊಂದು ಕಾರಣಕ್ಕೆ ಗೊತ್ತು. ಜಿಲ್ಲೆಗೊಬ್ಬ ಕಲೆಕ್ಟರ್ ಎಂಬ ಏರ್ಪಾಡು ಬಂಗಾಳದಲ್ಲಿ ಶುರುವಾದದ್ದು 1772ರಲ್ಲಿ, ಅವನ ಕಾಲದಲ್ಲಿ. ಕಲ್ಕತ್ತೆಯ ಮದರಸಾ, ವಿಲ್ಕಿನ್ಸ್ ಮಾಡಿದ ಭಗವದ್ಗೀತೆಯ ಇಂಗ್ಲಿಷ್ ಅನುವಾದ, ಏಷ್ಯಾಟಿಕ್ ಸೊಸೈಟಿ ಇವೆಲ್ಲಕ್ಕೂ ಅವನ ಬೆಂಬಲವಿತ್ತು. ಕ್ಲೈವ್‌ಗೆ ಹೋಲಿಸಿದರೆ ಅವನು ಊರಿಗೆ ಒಯ್ದ ಸಂಪತ್ತು ಚಿಕ್ಕದು. ಇಂಥವನನ್ನು ಬರಿಯ ಲೂಟಿಕೋರನೆಂದು ತಳ್ಳಿಹಾಕುವುದು ಸುಲಭವಲ್ಲ.

ಹಾಗೆಂದು ಅವನ ಮೇಲಿನ ಆರೋಪಗಳು ಹುರುಳಿಲ್ಲದವೂ ಅಲ್ಲ. ಅವುಗಳ ಮೂಲ ಹಣದ ಹಸಿವಿನಲ್ಲಿತ್ತು, ಆ ಹಸಿವಿಗೆ ನಮ್ಮ ಮೈಸೂರು ಒಂದು ಮುಖ್ಯ ಕಾರಣವಾಗಿತ್ತು. 1780ರಲ್ಲಿ ಹೈದರಾಲಿ ಕರ್ನಾಟಿಕ್ ಪ್ರಾಂತದ ಮೇಲೆ ನುಗ್ಗಿ, ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಬಳಿ ಕರ್ನಲ್ ಬೇಲಿಯ ಪಡೆಯನ್ನು ನುಚ್ಚುನೂರು ಮಾಡಿದ. ಇನ್ನೊಂದೆಡೆ ಮರಾಠರೊಡನೆ ಯುದ್ಧ ನಡೆದಿತ್ತು. ಮದ್ರಾಸಿಗೆ ಸೈನ್ಯವನ್ನೂ ಹಣವನ್ನೂ ಕಳಿಸಬೇಕು, ಕಲ್ಕತ್ತೆಯ ಬೊಕ್ಕಸ ಖಾಲಿ. ಬನಾರಸಿನ ರಾಜ ಚೇತ್ ಸಿಂಗನಿಂದ ಕಂಪನಿ 1778ರಿಂದಲೇ, ಒಪ್ಪಂದದ ಕಪ್ಪವಲ್ಲದೆ, ವರ್ಷಕ್ಕೆ ಐದು ಲಕ್ಷ ರೂಪಾಯಿ ಹೆಚ್ಚುವರಿಯಾಗಿ ಕೀಳುತ್ತಿತ್ತು. ಈಗ ಕುದುರೆ ಸವಾರರನ್ನೂ ಕೇಳಿತು. ರಾಜ ಮೀನಮೇಷ ಎಣಿಸಿದ. ಐವತ್ತು ಲಕ್ಷ ದಂಡ ಹಾಕುವ ಲೆಕ್ಕಾಚಾರದಲ್ಲಿ ಹೇಸ್ಟಿಂಗ್ಸ್ 1781ರಲ್ಲಿ ತಾನೇ ಬನಾರಸಿಗೆ ಹೋಗಿ ಅವನನ್ನು ಬಂಧಿಸಿದ. ಊರು ದಂಗೆಯೆದ್ದಿತು, ಗವರ್ನರ್ ಜನರಲ್ ರಾತ್ರೋರಾತ್ರಿ ಚುನಾರ್ ಕೋಟೆಗೆ ಓಡಿದ. ಮುಂದಿನ ಗುರಿ ಅವಧ್ ನವಾಬನ ತಾಯಿ ಮತ್ತು ಅಜ್ಜಿ. ಅವರ ಆಸ್ತಿಗೆ ಕಂಪನಿಯೇ 1775ರಲ್ಲಿ ಖಾತರಿ ಕೊಟ್ಟಿತ್ತು. 1782ರಲ್ಲಿ ಫೈಜಾಬಾದಿನ ಅರಮನೆಗೆ ಸೈನ್ಯ ನುಗ್ಗಿತು, ಬೇಗಮರ ಇಬ್ಬರು ಮುಖ್ಯ ಸೇವಕರಿಗೆ ಬೇಡಿ ಬಿತ್ತು, ಖಜಾನೆ ಕೈವಶವಾಯಿತು.

1785ರಲ್ಲಿ ಹೇಸ್ಟಿಂಗ್ಸ್ ಊರಿಗೆ ಮರಳುವ ಹೊತ್ತಿಗೆ ಅವನ ಕಡುವೈರಿ ಫಿಲಿಪ್ ಫ್ರಾನ್ಸಿಸ್ ಲಂಡನ್ನಿನಲ್ಲಿ ಕಾದಿದ್ದ. ಕಲ್ಕತ್ತೆಯ ಆಡಳಿತ ಮಂಡಳಿಯಲ್ಲಿ ಆರು ವರ್ಷ ಹೇಸ್ಟಿಂಗ್ಸ್‌ನೊಡನೆ ಕಾದಾಡಿ, 1780ರಲ್ಲಿ ಪಿಸ್ತೂಲಿನ ದ್ವಂದ್ವದಲ್ಲಿ ಅವನಿಂದಲೇ ಗುಂಡೇಟು ತಿಂದವನು ಈತ. ಅವನು ಒದಗಿಸಿದ ಮಾಹಿತಿಗೆ ಎಡ್ಮಂಡ್ ಬರ್ಕ್ ತನ್ನ ವಾಗ್ಮಿತೆಯನ್ನೂ ನೈತಿಕ ಸಿಟ್ಟನ್ನೂ ಬೆರೆಸಿದ. ಬರ್ಕ್, ಫಾಕ್ಸ್, ಶೆರಿಡನ್ ಆ ಕಾಲದ ಇಂಗ್ಲಿಷ್ ಭಾಷಣಕಾರರಲ್ಲಿ ಅಗ್ರಗಣ್ಯರು. ಬರ್ಕ್ ಆರಂಭದ ಭಾಷಣಕ್ಕೇ ನಾಲ್ಕು ದಿನ ತೆಗೆದುಕೊಂಡ. ಬೇಗಮರ ಪ್ರಕರಣದ ಬಗ್ಗೆ ಶೆರಿಡನ್ ಮಾತಾಡಿದ ದಿನಗಳಲ್ಲಿ ಒಂದು ಟಿಕೇಟಿಗೆ ಐವತ್ತು ಗಿನಿ ಕೊಟ್ಟವರಿದ್ದರು. ಕಾದಂಬರಿಗಾರ್ತಿ ಫ್ಯಾನಿ ಬರ್ನಿ ಆಗ ರಾಣಿಯ ಊಳಿಗದಲ್ಲಿದ್ದಳು. ಗ್ಯಾಲರಿಯಲ್ಲಿ ಕುಳಿತು ತಾನು ಕಂಡದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟಳು. ಆಕೆಯ ಮರುಕವೆಲ್ಲ ಆರೋಪಿಯ ಕಡೆಗಿತ್ತು. ಬರ್ಕ್‌ನ ಮಾತಿಗೆ ಆಕೆಯೂ ಕೆಲಹೊತ್ತು ಮರುಳಾದದ್ದುಂಟು.

ಈ ಮಹಾಮಾತುಗಾರರ ಎದುರು ಹೇಸ್ಟಿಂಗ್ಸ್‌ನ ಪರವಾಗಿ ಕುಳಿತವರು ಮೂವರು ವಕೀಲರು: ಎಡ್ವರ್ಡ್ ಲಾ, ಥಾಮಸ್ ಪ್ಲಮರ್ ಮತ್ತು ರಾಬರ್ಟ್ ಡಲ್ಲಾಸ್. ಮಾತಿನಲ್ಲಿ ಅವರು ಬರ್ಕ್‌ಗೆ ಸಾಟಿಯಲ್ಲ. ಸಾಟಿಯಾಗಲು ಅವರು ಪ್ರಯತ್ನಿಸಲೂ ಇಲ್ಲ. ಅವರ ಯುದ್ಧವೆಲ್ಲ ನಡೆದದ್ದು ಕಾರ್ಯವಿಧಾನದ ಅಂಗಳದಲ್ಲಿ.

ಮೊದಲ ಪ್ರಶ್ನೆ ಎದ್ದದ್ದು ವಿಚಾರಣೆ ಆರಂಭವಾದ ತಿಂಗಳಲ್ಲೇ. ಇಪ್ಪತ್ತು ಆರೋಪಗಳಿದ್ದವು. ಒಂದೊಂದು ಆರೋಪಕ್ಕೂ ಸಾಕ್ಷ್ಯ, ಉತ್ತರ, ತೀರ್ಮಾನ ಬೇರೆಬೇರೆಯಾಗಿ ಆಗಲಿ ಎಂದು ಫಾಕ್ಸ್ ಕೇಳಿದ. ಹಾಗಲ್ಲ, ಆರೋಪ ಹೊರಿಸಿದವರು ತಮ್ಮ ಕಥೆಯನ್ನೆಲ್ಲ ಮುಗಿಸಲಿ, ಆಮೇಲೆ ನಾವು ಬಾಯಿ ಬಿಡುತ್ತೇವೆ ಎಂದು ಲಾ ಹಟ ಹಿಡಿದ. ಸಭಾಧ್ಯಕ್ಷನಾಗಿದ್ದ ಲಾರ್ಡ್ ಚಾನ್ಸಲರ್ ಥರ್ಲೋ ಮೊದಲಿನಿಂದಲೂ ಹೇಸ್ಟಿಂಗ್ಸ್‌ನ ಪಕ್ಷಪಾತಿ. ಪ್ರಭುಗಳು ಲಾನ ಮಾತಿಗೆ ಒಪ್ಪಿದರು. ಕೇಳಲು ಇದೊಂದು ಸಣ್ಣ ತಾಂತ್ರಿಕ ವಿಷಯ. ಪರಿಣಾಮವೇನೆಂದರೆ, ಆರೋಪಿಸಿದವರ ವಾದ ಮುಗಿದದ್ದು 1791ರ ಮೇ ತಿಂಗಳಲ್ಲಿ. ಲಾ ಎದ್ದು ನಿಂತು ಉತ್ತರ ಆರಂಭಿಸಿದ್ದು 1792ರ ಫೆಬ್ರುವರಿಯಲ್ಲಿ. 1788ರಲ್ಲಿ ಬನಾರಸಿನ ಬಗ್ಗೆ ಕೇಳಿದ ಸಾಕ್ಷ್ಯ ಆ ವೇಳೆಗೆ ಯಾರಿಗೆ ನೆನಪಿರಬೇಕು?

ಎರಡನೆಯದು ಸಾಕ್ಷ್ಯದ ನಿಯಮ. ಪಾರ್ಲಿಮೆಂಟಿಗೆ ತನ್ನದೇ ಕಾನೂನು, ಸಂಪ್ರದಾಯಗಳಿವೆ, ಕೆಳಗಿನ ಕೋರ್ಟುಗಳ ಕಟ್ಟುಪಾಡು ಇಲ್ಲಿ ಸಲ್ಲದು ಎಂಬುದು ಬರ್ಕ್‌ನ ವಾದ. ದೂರದ ದೇಶದಲ್ಲಿ ನಡೆದ ಅಧಿಕಾರದ ಅಪರಾಧಕ್ಕೆ ಪಿಕ್‌ಪಾಕೆಟ್ ಪ್ರಕರಣದ ಸಾಕ್ಷ್ಯ ನಿಯಮ ಹಿಡಿದರೆ ಏನೂ ಸಾಬೀತಾಗದು ಎಂದು ಅವನಿಗೆ ಗೊತ್ತಿತ್ತು. ವಕೀಲರಿಗೂ ಗೊತ್ತಿತ್ತು. ಹೀಗಾಗಿ ದಾಖಲೆಗಳು ಬಂದಾಗಲೆಲ್ಲ ಎದ್ದು ಆಕ್ಷೇಪಿಸಿದರು. ಆಕ್ಷೇಪ ಬಂತೆಂದರೆ ಪ್ರಭುಗಳು ಮೆರವಣಿಗೆಯಾಗಿ ತಮ್ಮ ಸಭಾಂಗಣಕ್ಕೆ ಹಿಂತಿರುಗಿ, ನ್ಯಾಯಾಧೀಶರ ಅಭಿಪ್ರಾಯ ಕೇಳಿ, ಬಾಗಿಲು ಹಾಕಿಕೊಂಡು ಚರ್ಚಿಸಿ, ಕಾರಣ ತಿಳಿಸದೆ ತೀರ್ಮಾನ ಮಾತ್ರ ತಿಳಿಸುತ್ತಿದ್ದರು. ಅಲ್ಲಿಗೆ ಆ ದಿನ ಹೋದಂತೆ.

ಮೂರನೆಯದು ಸಾಕ್ಷಿಗಳ ಮರೆವು. ಲಖ್ನೋದಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದ ನಥಾನಿಯಲ್ ಮಿಡಲ್ಟನ್‌ನಿಗೆ ಮುಖ್ಯ ಸಂಗತಿಗಳಾವುವೂ ನೆನಪಿರಲಿಲ್ಲ. ಅವನಿಗೆ ಊರವರು ನೆನಪಿನ ಮಿಡಲ್ಟನ್ ಎಂದೇ ಅಡ್ಡಹೆಸರಿಟ್ಟರು. ಕಾಮನ್ಸ್ ಸಮಿತಿಯ ಮುಂದೆ ಒಂದು ಮಾತು ಹೇಳಿದ ಸಾಕ್ಷಿ ಇಲ್ಲಿ ಗೊತ್ತಿಲ್ಲವೆಂದರೆ, ಅವನನ್ನು ಕರೆಸಿದವರೇ ಹಳೆಯ ಹೇಳಿಕೆಯನ್ನು ಅವನ ಮುಂದೆ ಹಿಡಿಯುವಂತಿಲ್ಲ ಎಂದೂ ತೀರ್ಮಾನವಾಯಿತು.

ಇದನ್ನೆಲ್ಲ ಓದುವಾಗ ನನಗೆ ನಗುವೂ ಬರುತ್ತದೆ, ಮುಜುಗರವೂ ಆಗುತ್ತದೆ. ಸೇವೆಯಲ್ಲಿದ್ದಾಗ ನಾನು ಕೆಲವು ಇಲಾಖಾ ವಿಚಾರಣೆಗಳನ್ನು ನಡೆಸಿದ್ದೇನೆ. ಹಿರಿಯ ಅಧಿಕಾರಿಯೊಬ್ಬರ ವಿಚಾರಣೆಯಲ್ಲಿ ದಾಖಲೆಗಳ ನಕಲಿಗೆ ಆರು ತಿಂಗಳು, ಸಾಕ್ಷಿಗಳ ಪಟ್ಟಿಯ ಕ್ರಮಕ್ಕೆ ಇನ್ನಾರು ತಿಂಗಳು ಹೋಯಿತು. ಅಷ್ಟರಲ್ಲಿ ಮಂಡನಾಧಿಕಾರಿಗೆ ವರ್ಗವಾಯಿತು. ಕೇಳಿದ ಮುಂದೂಡಿಕೆಗಳಿಗೆಲ್ಲ ನಾನೇ ಸಹಿ ಹಾಕಿದೆ, ಏಕೆಂದರೆ ಕೇಳಿದ್ದರಲ್ಲಿ ಯಾವುದೂ ನಿಯಮಬಾಹಿರವಾಗಿರಲಿಲ್ಲ. ಅವರು ಗೌರವದಿಂದ ನಿವೃತ್ತರಾದರು. ಅದೇ ವರ್ಷ ದ್ವಿತೀಯ ದರ್ಜೆ ಸಹಾಯಕನೊಬ್ಬನ ವಿಚಾರಣೆಯನ್ನು ನಾನು ಮೂರು ಬೈಠಕ್ಕಿನಲ್ಲಿ ಮುಗಿಸಿದೆ. ಅವನು ಏನನ್ನೂ ಕೇಳಲಿಲ್ಲ, ಕೇಳಬಹುದೆಂದು ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಬೇಗ ಮುಗಿಸಿದ್ದಕ್ಕೆ ಮೇಲಿನವರಿಂದ ಮೆಚ್ಚುಗೆ ಬಂತು.

ಹೇಸ್ಟಿಂಗ್ಸ್‌ನ ಕಥೆಯಲ್ಲಿಯೂ ಅಂಥ ಎರಡನೆಯ ವಿಚಾರಣೆ ಒಂದಿದೆ. 1775ರ ಮಾರ್ಚಿಯಲ್ಲಿ ಮಹಾರಾಜ ನಂದಕುಮಾರನು ಗವರ್ನರ್ ಜನರಲ್ ಲಂಚ ತೆಗೆದುಕೊಂಡನೆಂದು ಕಲ್ಕತ್ತೆಯ ಮಂಡಳಿಗೆ ದೂರು ಕೊಟ್ಟ. ಮೊತ್ತವನ್ನೂ ಬಿಡಿಸಿ ಹೇಳಿದ: 3,54,105 ರೂಪಾಯಿ. ಎರಡು ತಿಂಗಳೊಳಗೆ ಅವನನ್ನು ಹಳೆಯ ಖೋಟಾ ಪತ್ರವೊಂದರ ಆಪಾದನೆಯ ಮೇಲೆ ಬಂಧಿಸಲಾಯಿತು. ಮುಖ್ಯ ನ್ಯಾಯಾಧೀಶ ಇಲೈಜಾ ಇಂಪೆ ಹೇಸ್ಟಿಂಗ್ಸ್‌ನ ಶಾಲಾ ಸಹಪಾಠಿ. ಜ್ಯೂರಿಯಲ್ಲಿ ಭಾರತೀಯರಿರಲಿಲ್ಲ. ಅಂದಿನ ಇಂಗ್ಲಿಷ್ ನಿಯಮದಂತೆ ಇಂಥ ಅಪರಾಧದಲ್ಲಿ ಆರೋಪಿಯ ವಕೀಲ ಜ್ಯೂರಿಯನ್ನುದ್ದೇಶಿಸಿ ವಾದಿಸುವಂತಿರಲಿಲ್ಲ. ಜೂನ್ 8ರಂದು ಆರಂಭವಾದ ವಿಚಾರಣೆ ಎಂಟು ದಿನಗಳಲ್ಲಿ, 16ರ ಬೆಳಗಿನ ಜಾವಕ್ಕೆ ಮುಗಿಯಿತು. ಆಗಸ್ಟ್ 5ರಂದು ಗಲ್ಲು. ಇದರ ಹಿಂದೆ ಹೇಸ್ಟಿಂಗ್ಸ್‌ನ ಕೈವಾಡವಿತ್ತೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಆದರೆ ದೂರು ಕೊಟ್ಟವನು ಸತ್ತ, ದೂರಿಗೆ ಗುರಿಯಾದವನು ಉಳಿದ.

1789ರಲ್ಲಿ ಬರ್ಕ್ ಆ ದೂರಿನ ವಿಚಾರಣೆಯ ಕಾಗದಗಳನ್ನು ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಓದಿಸಲು ಹೊರಟ. ವಕೀಲರು ಎದ್ದರು. ನಂದಕುಮಾರನ ಹೇಳಿಕೆ ಪ್ರಮಾಣವಚನವಿಲ್ಲದೆ ಕೊಟ್ಟದ್ದು, ಹೇಸ್ಟಿಂಗ್ಸ್ ಸಭೆಯಲ್ಲಿ ಇಲ್ಲದಾಗ ತೆಗೆದುಕೊಂಡದ್ದು. ನ್ಯಾಯಾಧೀಶರ ಸಲಹೆಯಂತೆ ಪ್ರಭುಗಳು ಅದನ್ನು ತಳ್ಳಿಹಾಕಿದರು. ಕಾನೂನಿನ ದೃಷ್ಟಿಯಿಂದ ತೀರ್ಮಾನ ಸರಿಯೇ ಇರಬಹುದು. ಹೇಳಿಕೆ ಕೊಟ್ಟವನನ್ನು ಪ್ರಮಾಣ ಮಾಡಿಸಿ ಪಾಟೀಸವಾಲಿಗೆ ಒಳಪಡಿಸೋಣವೆಂದರೆ ಅವನು ನೇಣಿಗೇರಿ ಹದಿನಾಲ್ಕು ವರ್ಷವಾಗಿತ್ತು. ಅದೇ ವರ್ಷ ಬರ್ಕ್ ತಾಳ್ಮೆಗೆಟ್ಟು, ಇಂಪೆಯ ಕೈಯಿಂದ ಹೇಸ್ಟಿಂಗ್ಸ್ ನಂದಕುಮಾರನನ್ನು ಕೊಲೆ ಮಾಡಿಸಿದ ಎಂಬರ್ಥದ ಮಾತಾಡಿಬಿಟ್ಟ. ಕೊಲೆ ಆರೋಪಪಟ್ಟಿಯಲ್ಲಿರಲಿಲ್ಲ. ಹೇಸ್ಟಿಂಗ್ಸ್ ಕಾಮನ್ಸ್ ಸಭೆಗೆ ಅರ್ಜಿ ಹಾಕಿದ. ಬರ್ಕ್‌ನನ್ನು ಕಳಿಸಿದ ಸಭೆಯೇ, ಅವನು ಹಾಗೆ ಮಾತಾಡಬಾರದಿತ್ತೆಂದು ನಿರ್ಣಯ ಮಾಡಿತು. ಬರ್ಕ್‌ನ ವಾಗ್ಮಿತೆಯೇ ಅವನ ಕೇಸಿಗೆ ಶತ್ರುವಾಯಿತು ಎಂದು ನನಗನಿಸುವುದು ಇಲ್ಲಿ.

ಉಳಿದ ಕೆಲಸವನ್ನು ಕಾಲ ಮಾಡಿತು. ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು, ಬರ್ಕ್ ಮತ್ತು ಫಾಕ್ಸ್ ಅದರ ಕಾರಣಕ್ಕೆ ಜಗಳವಾಡಿ ಬೇರೆಯಾದರು. ಗ್ಯಾಲರಿ ಬರಿದಾಯಿತು. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ ಕಿತ್ತುಕೊಂಡು ಬಂದ ಕಾರ್ನ್‌ವಾಲಿಸ್ 1794ರಲ್ಲಿ ಸಾಕ್ಷಿಯಾಗಿ ನಿಂತು ಹೇಸ್ಟಿಂಗ್ಸ್‌ಗೆ ಅನುಕೂಲವಾಗುವಂತೆ ಹೇಳಿದ. ಹೈದರನ ಕಾಲದ ಹಣದ ತಾಪತ್ರಯವನ್ನು ಟಿಪ್ಪುವನ್ನು ಮಣಿಸಿದವನ ಪ್ರತಿಷ್ಠೆ ಮರೆಸಿತು. ಚೇತ್ ಸಿಂಗ್ ಆಗ ಗ್ವಾಲಿಯರಿನಲ್ಲಿ ನಿರಾಶ್ರಿತ. ಬೇಗಮರು ಫೈಜಾಬಾದಿನಲ್ಲಿ. ಅವರಲ್ಲಿ ಯಾರ ದನಿಯನ್ನೂ ಪ್ರಭುಗಳು ನೇರವಾಗಿ ಕೇಳಲಿಲ್ಲ.

1795ರ ಏಪ್ರಿಲ್ 23ರಂದು ತೀರ್ಪು. ಏಳು ವರ್ಷಗಳಲ್ಲಿ ಕಲಾಪ ನಡೆದದ್ದು ಸುಮಾರು 145 ದಿನ. ಮೊದಲ ದಿನ ನೂರೈವತ್ತಕ್ಕೂ ಹೆಚ್ಚು ಪ್ರಭುಗಳಿದ್ದ ಸಭೆಯಲ್ಲಿ ತೀರ್ಪಿಗೆ ಮತ ಹಾಕಿದವರು 29 ಮಂದಿ. ಹೇಸ್ಟಿಂಗ್ಸ್ ಎಲ್ಲ ಆರೋಪಗಳಿಂದಲೂ ಮುಕ್ತನಾದ.

ಅವನಿಗೆ ತಗುಲಿದ ವೆಚ್ಚ ಎಪ್ಪತ್ತು ಸಾವಿರ ಪೌಂಡಿಗೂ ಹೆಚ್ಚು. ದಿವಾಳಿಯ ಅಂಚಿನಲ್ಲಿದ್ದವನಿಗೆ ಕಂಪನಿ ವರ್ಷಕ್ಕೆ ನಾಲ್ಕು ಸಾವಿರ ಪೌಂಡಿನ ವರ್ಷಾಶನವನ್ನೂ ಐವತ್ತು ಸಾವಿರದ ಬಡ್ಡಿರಹಿತ ಸಾಲವನ್ನೂ ಕೊಟ್ಟಿತು. ಆ ಹಣ ಯಾವ ದೇಶದ ಕಂದಾಯದಿಂದ ಬಂದದ್ದೆಂದು ಹೇಳಬೇಕಾಗಿಲ್ಲ. ತನ್ನ ವಂಶದ ಕೈತಪ್ಪಿದ್ದ ಡೇಲ್ಸ್‌ಫರ್ಡ್ ಎಸ್ಟೇಟನ್ನು ಅವನು ವಿಚಾರಣೆ ಶುರುವಾದ ವರ್ಷವೇ ಕೊಂಡಿದ್ದ. ಉಳಿದ ಬದುಕನ್ನು ಅಲ್ಲಿಯೇ ಕಳೆದ. 1813ರಲ್ಲಿ ಕಂಪನಿಯ ಸನದು ನವೀಕರಣದ ಬಗ್ಗೆ ಸಾಕ್ಷ್ಯ ಹೇಳಲು ಅವನು ಕಾಮನ್ಸ್ ಸಭೆಗೆ ಬಂದಾಗ ಸದಸ್ಯರು ಟೋಪಿ ತೆಗೆದು ಎದ್ದು ನಿಂತರು. 1818ರ ಆಗಸ್ಟ್ 22ರಂದು, ಎಂಬತ್ತೈದರ ವಯಸ್ಸಿನಲ್ಲಿ ತೀರಿಕೊಂಡ.

ಅವನ ವಕೀಲರು ಅಷ್ಟರಲ್ಲಿ ಬಹಳ ಮೇಲೇರಿದ್ದರು. ಪ್ಲಮರ್ ಅದೇ 1818ರಲ್ಲಿ ಮಾಸ್ಟರ್ ಆಫ್ ದಿ ರೋಲ್ಸ್ ಆದ, ಡಲ್ಲಾಸ್ ಕೋರ್ಟ್ ಆಫ್ ಕಾಮನ್ ಪ್ಲೀಸ್‌ನ ಮುಖ್ಯ ನ್ಯಾಯಾಧೀಶನಾದ. 1802ರಿಂದ ಇಂಗ್ಲೆಂಡಿನ ಮುಖ್ಯ ನ್ಯಾಯಮೂರ್ತಿಯಾಗಿ, ಲಾರ್ಡ್ ಎಲೆನ್‌ಬರೋ ಎಂಬ ಬಿರುದು ಧರಿಸಿದ್ದ ಎಡ್ವರ್ಡ್ ಲಾ ಆ ವರ್ಷದ ಡಿಸೆಂಬರಿನಲ್ಲಿ ಸತ್ತ. ಅವನ ಮಗ, ಎರಡನೆಯ ಎಲೆನ್‌ಬರೋ, 1842ರಲ್ಲಿ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದು ಹೇಸ್ಟಿಂಗ್ಸ್‌ನ ಹುದ್ದೆಯಲ್ಲಿ ಕುಳಿತ. ಅವನ ಕಾಲದಲ್ಲಿ ಕಂಪನಿ ಸಿಂಧ್ ಪ್ರಾಂತವನ್ನು ನುಂಗಿತು. 1844ರಲ್ಲಿ ಕಂಪನಿಯ ನಿರ್ದೇಶಕರು ಅವನನ್ನು ವಾಪಸು ಕರೆಸಿಕೊಂಡರು. ಅವನ ಮೇಲೆ ವಿಚಾರಣೆ ಏನೂ ನಡೆಯಲಿಲ್ಲ.