ಗಾಮಾ ಪಹಿಲವಾನನೂ ಎದುರಾಳಿಯ ಆಯ್ಕೆಯೂ

ಜಟ್ಟಿಯ ಪರಾಕ್ರಮವನ್ನು ಅವನು ಗೆದ್ದ ಕುಸ್ತಿಗಳ ಸಂಖ್ಯೆಯಿಂದ ಅಳೆಯುವುದು ಲೋಕದ ವಾಡಿಕೆ. ಆದರೆ ಅವನು ಯಾರೊಡನೆ ಸೆಣಸಲು ಒಪ್ಪಿದನು, ಯಾರನ್ನು ಕಂಡು ಬದಿಗೆ ಸರಿದನು ಎಂಬುದನ್ನು ಅರಿಯದೆ ಆ ಸಂಖ್ಯೆಗೆ ಬೆಲೆ ಕಟ್ಟಲಾಗದು. ನಮ್ಮ ಲಾಯಿಲ, ಬೆಳ್ತಂಗಡಿಗಳ ಸುತ್ತಿನಲ್ಲಿ ಕೋಳಿ ಅಂಕವನ್ನು ಕಂಡವರಿಗೆ ಈ ಮಾತು ಹೊಸದಲ್ಲ. ಹುಂಜಗಳನ್ನು ಬಿಡುವುದಕ್ಕೆ ಮುನ್ನ ಒಡೆಯರು ಜೋಡಿ ನೋಡುವಾಗಲೇ ಅರ್ಧ ಕಾಳಗ ತೀರ್ಮಾನವಾಗಿರುತ್ತದೆ. ಹಣಕ್ಕಾಗಿ ಸೆಣಸುವ ಮನುಷ್ಯರಲ್ಲಿಯೂ ಇದೇ ಲೆಕ್ಕವುಂಟು. ತಕ್ಕಡಿಯ ಒಂದು ತಟ್ಟೆಯಲ್ಲಿ ಪಣದ ಹಣ. ಇನ್ನೊಂದರಲ್ಲಿ ಸೋಲಿನ ಭಯ. ಭೇದವಿಷ್ಟೆ: ಹುಂಜಕ್ಕೆ ಆಯ್ಕೆಯಿಲ್ಲ, ಮನುಷ್ಯನಿಗೆ ಉಂಟು.

ಪಾಶ್ಚಾತ್ಯರ ಮುಷ್ಟಿಯುದ್ಧದಲ್ಲಿ ಈ ಲೆಕ್ಕವು ಬಹಿರಂಗವಾಗಿಯೇ ನಡೆಯುತ್ತದೆ. ಕೆನಡಾ ದೇಶದ ಟಾಮಿ ಬರ್ನ್ಸನು ಜಗಜ್ಜೆಟ್ಟಿಯೆನಿಸಿದ್ದ ಕಾಲದಲ್ಲಿ, ಕಪ್ಪು ವರ್ಣದ ಅಮೇರಿಕನಾದ ಜ್ಯಾಕ್ ಜಾನ್ಸನನು ದೇಶದಿಂದ ದೇಶಕ್ಕೆ ಅವನನ್ನು ಹಿಂಬಾಲಿಸಿ ಸವಾಲು ಹಾಕುತ್ತಿದ್ದನು. ತನಗೆ 30,000 ಡಾಲರುಗಳು ಸಲ್ಲುವುದು ಖಂಡಿತವಾದ ಮೇಲೆಯೇ ಬರ್ನ್ಸನು ಒಪ್ಪಿದನು. ಜಾನ್ಸನನ ಪಾಲಿಗೆ ದೊರೆತದ್ದು 5,000. 1908ನೆಯ ಇಸವಿ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ನಡೆದ ಆ ಕಾಳಗವನ್ನು ಹದಿನಾಲ್ಕನೆಯ ಸುತ್ತಿನಲ್ಲಿ ಪೊಲೀಸರು ನಿಲ್ಲಿಸಬೇಕಾಯಿತು, ಪಟ್ಟವು ಜಾನ್ಸನನದಾಯಿತು. ಸೋಲು ಬರುವ ಸಂಭವವನ್ನು ಬರ್ನ್ಸನು ಮೊದಲೇ ಬೆಲೆಗೆ ಮಾರಿಕೊಂಡಿದ್ದನೆಂದರೆ ಅನ್ಯಾಯವಾಗದು. ಆದರೆ ಎಷ್ಟು ಹಣ ತೋರಿಸಿದರೂ ಎದುರಾಳಿಗಳು ಬಾರದ ಸ್ಥಿತಿಯೂ ಒಂದುಂಟು. ಆ ಸ್ಥಿತಿಗೆ ಒಳಗಾದವನು ನಮ್ಮ ಗಾಮಾ ಪಹಿಲವಾನ.

ಗುಲಾಮ್ ಮಹಮ್ಮದ್ ಬಕ್ಷನೆಂಬುದು ಅವನ ಹೆಸರು. 1878ರಲ್ಲಿ ಪಂಜಾಬದ ಜಟ್ಟಿಗಳ ಮನೆತನವೊಂದರಲ್ಲಿ ಹುಟ್ಟಿದನು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಬಾಲಕನನ್ನು ಬಂಧುಗಳೇ ಅಖಾಡದಲ್ಲಿ ಪಳಗಿಸಿದರು. 1888ರಲ್ಲಿ ಜೋಧಪುರದ ಮಹಾರಾಜರು ಬಸ್ಕಿಯ ಸ್ಪರ್ಧೆಯನ್ನು ಏರ್ಪಡಿಸಿದಾಗ, ನೆರೆದಿದ್ದ ನಾಲ್ಕು ನೂರಕ್ಕೂ ಮಿಕ್ಕ ಜಟ್ಟಿಗಳ ಪೈಕಿ ಕೊನೆಯವರೆಗೆ ಉಳಿದ ಕೆಲವರಲ್ಲಿ ಹತ್ತು ವರ್ಷದ ಈ ಹುಡುಗನೂ ಒಬ್ಬನಾಗಿದ್ದನು. ವಯಸ್ಸನ್ನು ನೋಡಿ ಮಹಾರಾಜರು ಅವನಿಗೇ ಜಯವನ್ನು ಸಾರಿದರು. ಮುಂದೆ ದತಿಯಾ ಸಂಸ್ಥಾನವು ಅವನಿಗೆ ಆಶ್ರಯವಿತ್ತಿತು. ಎತ್ತರದಲ್ಲಿ ಸಾಧಾರಣನಾದ ಗಾಮನು ಯೌವನದಲ್ಲಿಯೇ, ಏಳಡಿಯ ಸಮೀಪಕ್ಕೆ ಬೆಳೆದ ರಹೀಮ್ ಬಕ್ಷನಂತಹ ಹಿರಿಯ ಜಟ್ಟಿಯನ್ನು ಎದುರಿಸಿ ಸಮಸಮನಾಗಿ ನಿಂತನು. ಸಂಸ್ಥಾನದ ಆಶ್ರಯದಲ್ಲಿದ್ದ ಜಟ್ಟಿಗೆ ಹಾಲು, ತುಪ್ಪ, ಬಾದಾಮಿಗಳು ಅರಮನೆಯಿಂದಲೇ ಸಲ್ಲುತ್ತಿದ್ದುವು. ಟಿಕೇಟಿನ ಹಣವನ್ನು ನಂಬಿ ಬದುಕಬೇಕಾಗಿರಲಿಲ್ಲವಾದುದರಿಂದ ದುರ್ಬಲನನ್ನು ಹುಡುಕಿ ಗೆಲ್ಲುವ ಅಗತ್ಯವೂ ಅವನಿಗೆ ಇರಲಿಲ್ಲ.

1910ರಲ್ಲಿ ವಂಗದೇಶದ ಧನಿಕರಾದ ಶರತ್‌ಕುಮಾರ ಮಿತ್ರರ ನೆರವಿನಿಂದ ಗಾಮನೂ ಅವನ ತಮ್ಮ ಇಮಾಮ್ ಬಕ್ಷನೂ ಲಂಡನ್ನಿಗೆ ಹೋದರು. ಎತ್ತರ ಸಾಲದೆಂದು ಗಾಮನನ್ನು ಅಲ್ಲಿಯ ಸ್ಪರ್ಧೆಗೆ ಸೇರಿಸಿಕೊಳ್ಳಲಿಲ್ಲ. ಆಗ ಅವನು, ಯಾವ ತೂಕದವರೇ ಆಗಲಿ, ಮೂವರನ್ನು ಅರ್ಧ ತಾಸಿನೊಳಗೆ ಕೆಡಹುವೆನೆಂದು ಸವಾಲು ಸಾರಿದನು. ಬಹುಕಾಲ ಯಾರೂ ಮುಂದೆ ಬರಲಿಲ್ಲ. ಕಡೆಗೆ ಅಮೇರಿಕದ ಡಾಕ್ಟರ್ ರೋಲರನು ಒಪ್ಪಿದನು. ಆಗಸ್ಟ್ 8ರಂದು ಅವನು ಮೊದಲ ಸಲ ಎರಡು ನಿಮಿಷಗಳೊಳಗೆ, ಎರಡನೆಯ ಸಲ ಹತ್ತು ನಿಮಿಷಗಳೊಳಗೆ ನೆಲ ಕಂಡನು.

ಅನಂತರ ಬಂದವನು ಪೋಲೆಂಡಿನ ಪ್ರಖ್ಯಾತ ಜಟ್ಟಿ ಸ್ಟಾನಿಸ್ಲಾಸ್ ಜ್ಬಿಸ್ಕೋ. ಪಣವು 250 ಪೌಂಡು ಹಣ ಮತ್ತು ಜಾನ್ ಬುಲ್ ಪಟ್ಟಿ. ಸೆಪ್ಟೆಂಬರ್ 10ರಂದು ಕಾಳಗ ಮೊದಲಾದ ಸ್ವಲ್ಪ ಹೊತ್ತಿನಲ್ಲೇ ಜ್ಬಿಸ್ಕೋ ನೆಲಕ್ಕೆ ಬಿದ್ದನು. ಬಿದ್ದವನು ಬೋರಲಾಗಿ ನೆಲವನ್ನು ಅವುಚಿಕೊಂಡು ಎರಡೂವರೆ ಗಂಟೆಗೂ ಮಿಕ್ಕಿ ಹಾಗೆಯೇ ಉಳಿದನು. ಅಷ್ಟು ಭಾರಿ ದೇಹವನ್ನು ಮಗುಚಿ ಬೆನ್ನನ್ನು ನೆಲಕ್ಕೆ ತಾಗಿಸಲು ಗಾಮನಿಗೆ ಆಗಲಿಲ್ಲ. ಕುಸ್ತಿಯು ಸಮವೆಂದಾಗಿ, 17ರಂದು ಮತ್ತೆ ನಡೆಯತಕ್ಕದ್ದೆಂದು ಗೊತ್ತಾಯಿತು. ಆ ದಿನ ಜ್ಬಿಸ್ಕೋ ಬರಲೇ ಇಲ್ಲ. ಪಟ್ಟಿಯೂ ಪಣವೂ ಗಾಮನಿಗೆ ಸಂದುವು.

ಜ್ಬಿಸ್ಕೋನನ್ನು ಹೇಡಿಯೆಂದು ಜರೆದು ಮುಗಿಸುವುದು ಸುಲಭ. ಅವನ ಲೆಕ್ಕವನ್ನು ವಾಚಕರು ಗಮನಿಸಬೇಕು. ಕುಸ್ತಿಯಿಂದ ಜೀವಿಸುವವನಿಗೆ ಹೆಸರೇ ಬಂಡವಾಳ. ಸಮವಾದರೆ ಹೆಸರು ಉಳಿಯುತ್ತದೆ. ಸೋತರೆ ಮುಂದಿನ ಹತ್ತು ಕುಸ್ತಿಗಳ ಬೆಲೆ ಇಳಿಯುತ್ತದೆ. ಎದುರಾಳಿಯ ಬಲವನ್ನು ಮೈಮೇಲೆಯೇ ಅರಿತ ಬಳಿಕ 250 ಪೌಂಡು ಆ ನಷ್ಟಕ್ಕೆ ಸಾಟಿಯಲ್ಲವೆಂದು ಅವನು ಕಂಡುಕೊಂಡಿರಬೇಕು.

ಅಮೇರಿಕದ ಗಾಚ್, ರಷ್ಯದ ಹ್ಯಾಕೆನ್‌ಸ್ಮಿಟ್ ಎಂಬ ಅಂದಿನ ಮಹಾಮಲ್ಲರಿಗೂ ಗಾಮನು ಸವಾಲು ಕಳುಹಿಸಿದನು. ಅವರು ಅವನೊಡನೆ ಅಖಾಡಕ್ಕೆ ಇಳಿಯಲಿಲ್ಲ. 1911ರ ಸೆಪ್ಟೆಂಬರಿನಲ್ಲಿ ಶಿಕಾಗೋದಲ್ಲಿ ತಮ್ಮೊಳಗೇ ಕಾದಿದರು. ಇಲ್ಲಿ ತಕ್ಕಡಿಗೆ ಇನ್ನೊಂದು ಭಾರವೂ ಬಿದ್ದಿತ್ತೆಂದು ನಮಗೆ ತೋರುತ್ತದೆ. 1910ರ ಜುಲೈ 4ರಂದು ಜಾನ್ಸನನು ಬಿಳಿಯರ ಆಶಾಸ್ಥಾನವಾಗಿದ್ದ ಜೆಫ್ರೀಸನನ್ನು ಸೋಲಿಸಿದ್ದನು. ಮರುವರ್ಷ ಲಂಡನ್ನಿನಲ್ಲಿ ಜಾನ್ಸನನು ಆಂಗ್ಲ ಯೋಧನೊಬ್ಬನೊಡನೆ ಕಾದುವುದನ್ನು ಗೃಹಮಂತ್ರಿ ಚರ್ಚಿಲ್ ತಡೆದುಬಿಟ್ಟನು. ಆಳುವ ವರ್ಣದವನು ಆಳಿಸಿಕೊಳ್ಳುವ ವರ್ಣದವನ ಕೈಯಲ್ಲಿ ಬಿದ್ದರೆ ಅದು ಒಬ್ಬ ಜಟ್ಟಿಯ ಸೋಲು ಮಾತ್ರವಾಗಿ ಉಳಿಯುತ್ತಿರಲಿಲ್ಲ. ಅಂತಹ ಸೋಲಿಗೆ ತಕ್ಕ ಹಣವನ್ನು ಯಾವ ಧನಿಕನೂ ಕೊಡಲಾರನು.

ಜ್ಬಿಸ್ಕೋ 1928ರಲ್ಲಿ ಪಟಿಯಾಲೆಗೆ ಬಂದನು. ಇಬ್ಬರೂ ಐವತ್ತರ ಹತ್ತಿರದವರು. ಒಂದು ನಿಮಿಷ ತುಂಬುವುದರೊಳಗೆ ಅವನ ಬೆನ್ನು ನೆಲಕ್ಕೆ ತಾಗಿತು. ತಡವಾಗಿಯಾದರೂ ಬಂದನಲ್ಲ ಎಂಬ ಗೌರವ ಅವನಿಗೆ ಸಲ್ಲಲೇಬೇಕು. ಇತರರು ಎಂದಿಗೂ ಬರಲಿಲ್ಲ.

ಆದರೆ ಅಜೇಯನಿಗೆ ಅವನ ಕೀರ್ತಿಯೇ ಬಡತನದ ಬೀಜವೂ ಆಗುತ್ತದೆ. ಎದುರಾಳಿಯಿಲ್ಲದಲ್ಲಿ ಕುಸ್ತಿಯಿಲ್ಲ, ಕುಸ್ತಿಯಿಲ್ಲದಲ್ಲಿ ಪಣವಿಲ್ಲ. ಸಂಸ್ಥಾನಗಳು ಅಳಿದುವು, ದೇಶವು ಒಡೆಯಿತು. ಲಾಹೋರಿನಲ್ಲಿ ಉಳಿದ ಗಾಮನು ರೋಗದಿಂದಲೂ ಕೊರತೆಯಿಂದಲೂ ನವೆದಾಗ, ಗಡಿಯ ಈಚೆಯಿಂದ ಬಿರ್ಲಾರವರು ಸಹಾಯ ಕಳುಹಿಸಿದರು. 1960ರ ಮೇ 23ರಂದು ಅವನು ತೀರಿಕೊಂಡನು.

1947ರ ದಂಗೆಯ ದಿನಗಳಲ್ಲಿ ಲಾಹೋರಿನ ತನ್ನ ಬೀದಿಯ ಹಿಂದೂ ಸಂಸಾರಗಳಿಗೆ ಅಡ್ಡವಾಗಿ ಈ ಮುದಿ ಜಟ್ಟಿಯು ನಿಂತನೆಂಬುದು ಪ್ರಸಿದ್ಧವಾಗಿದೆ. ಅಲ್ಲಿ ಎದುರಾಳಿಗಳು ಗುಂಪುಗುಂಪಾಗಿದ್ದರು, ಅಪಾಯವು ಪ್ರಾಣದ್ದಾಗಿತ್ತು, ಪಣವೆಂಬುದು ಒಂದು ಕಾಸೂ ಇರಲಿಲ್ಲ. ಲಾಭನಷ್ಟಗಳನ್ನು ತೂಗಿ ಎದುರಾಳಿಯನ್ನು ಆರಿಸುವುದು ವೃತ್ತಿಯ ಜಾಣತನ. ಅದನ್ನು ನಾವು ಹಳಿಯುವುದಿಲ್ಲ. ಆದರೆ ತೂಗಿ ನೋಡಲು ಹೊತ್ತೇ ಇಲ್ಲದ ಕಡೆ ಯಾರ ಎದುರು ನಿಂತನೆಂಬುದರಿಂದಲೇ ಮನುಷ್ಯನ ಅಳತೆಯಾಗುತ್ತದೆ. ಗಾಮನನ್ನು ಜಗಜ್ಜೆಟ್ಟಿಯೆನ್ನಲು ಜಾನ್ ಬುಲ್ ಪಟ್ಟಿಗಿಂತ ಈ ಒಂದು ನಿಲುವೇ ನಮಗೆ ಹೆಚ್ಚಿನ ಆಧಾರ.